ನೇರಗೆರೆ ಬಿಟ್ಟು ಬಾಗಿ ಇಳಿಯುವ ವಿಮಾನ: ಹನೇಡಾದ ಹೊಸ ಹಾದಿ ಮತ್ತು ಅದರ ಕೆಳಗಿನ ಮನೆಗಳು

ದಕ್ಷಿಣದಿಂದ ಗಾಳಿ ಬೀಸುವ ದಿನಗಳಲ್ಲಿ ಮಧ್ಯಾಹ್ನ ಮೂರು ಗಂಟೆ ಕಳೆಯಿತೆಂದರೆ ಟೋಕಿಯೊ ನಗರದ ನಡುಭಾಗದ ಆಕಾಶದಲ್ಲಿ ವಿಮಾನಗಳ ಎರಡು ಸಾಲುಗಳು ಕಾಣಿಸಿಕೊಳ್ಳುತ್ತವೆ. ಶಿಂಜುಕುವಿನ ಎತ್ತರದ ಕಟ್ಟಡಗಳ ಬಳಿ ನೆಲದಿಂದ ಸುಮಾರು 900 ಮೀಟರ್ ಮೇಲಿರುವ ಅವು ದಕ್ಷಿಣಕ್ಕೆ ಇಳಿಯುತ್ತ ಬಂದು, ಓಯಿಮಾಚಿ ರೈಲು ನಿಲ್ದಾಣದ ಸುತ್ತಲಿನ ಬಡಾವಣೆಗಳನ್ನು ಸುಮಾರು 300 ಮೀಟರ್ ಎತ್ತರದಲ್ಲಿ ದಾಟಿ, ಹನೇಡಾ ವಿಮಾನ ನಿಲ್ದಾಣವನ್ನು ಸೇರುತ್ತವೆ. 300 ಮೀಟರ್ ಎಂದರೆ ವಿಮಾನದ ಹೊಟ್ಟೆಯಿಂದ ಇಳಿಬಿದ್ದ ಚಕ್ರಗಳು ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವ ದೂರ. 2020ರ ಮಾರ್ಚ್ 29ಕ್ಕೆ ಮೊದಲು ಈ ಹಾದಿ ಬಳಕೆಯಲ್ಲಿರಲಿಲ್ಲ. ಹನೇಡಾಕ್ಕೆ ಬರುವ ವಿಮಾನಗಳು ಅಲ್ಲಿಯವರೆಗೆ ಬಹುಮಟ್ಟಿಗೆ ಟೋಕಿಯೊ ಕೊಲ್ಲಿಯ ನೀರಿನ ಮೇಲೆಯೇ ಬಂದು ಇಳಿಯುತ್ತಿದ್ದವು.

ಪಕ್ಕದಲ್ಲಿ ಅಷ್ಟು ವಿಶಾಲವಾದ ಸಮುದ್ರವಿರುವಾಗ, ವಿಮಾನವು ಕೊನೆಯವರೆಗೂ ನೀರಿನ ಮೇಲೆಯೇ ಬಂದು ರನ್‌ವೇ ಸಮೀಪಿಸಿದಾಗ ತಿರುಗಿ ಇಳಿಯಬಾರದೇಕೆ ಎಂಬ ಪ್ರಶ್ನೆಯನ್ನು ಆ ಹಾದಿಯ ಕೆಳಗಿರುವ ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರಶ್ನೆ ಸರಳವಾದದ್ದು, ನ್ಯಾಯವಾದದ್ದೂ ಹೌದು. ಅದಕ್ಕೆ ಉತ್ತರ ಹುಡುಕಲು ಹೊರಟರೆ ವಿಮಾನಗಳು ಇಷ್ಟು ದಶಕಗಳ ಕಾಲ ನೇರಗೆರೆಯಲ್ಲೇ ಏಕೆ ಇಳಿದವು, ಈಗ ಅವಕ್ಕೆ ಬಾಗುವುದು ಹೇಗೆ ಸಾಧ್ಯವಾಗಿದೆ, ಸಾಧ್ಯವಾದ ಮೇಲೂ ದಟ್ಟಣೆಯ ನಿಲ್ದಾಣಗಳಲ್ಲಿ ಅದು ಏಕೆ ಕಷ್ಟ ಎಂಬುದನ್ನೆಲ್ಲ ತಿಳಿಯಬೇಕಾಗುತ್ತದೆ.

ಮೊದಲು ಹಾದಿ ಬದಲಾದುದರ ಕಾರಣವನ್ನು ನೋಡೋಣ. ವಿಮಾನವು ಗಾಳಿಗೆ ಎದುರಾಗಿ ಇಳಿಯಬೇಕು, ಎದುರಾಗಿಯೇ ಏರಬೇಕು. ಆಗ ನೆಲಕ್ಕೆ ಹೋಲಿಸಿದ ವೇಗ ಕಡಿಮೆಯಾಗಿ, ನಿಲ್ಲಲು ಬೇಕಾದ ಉದ್ದವೂ ಕಡಿಮೆಯಾಗುತ್ತದೆ. ಹನೇಡಾದಲ್ಲಿ ನಾಲ್ಕು ರನ್‌ವೇಗಳಿವೆ. ಹಿಂದೆ ದಕ್ಷಿಣ ಗಾಳಿಯ ಹೊತ್ತಿನಲ್ಲಿ ಬರುವ ವಿಮಾನಗಳು ಚಿಬಾ ಕಡೆಯಿಂದ ಕೊಲ್ಲಿಯನ್ನು ದಾಟಿ ಬಿ ಮತ್ತು ಡಿ ರನ್‌ವೇಗಳಲ್ಲಿ ಇಳಿಯುತ್ತಿದ್ದವು. ಒಂದೇ ನಿಲ್ದಾಣದಲ್ಲಿ ರನ್‌ವೇಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ್ದರೆ, ಒಂದರಿಂದ ಏರುವ ವಿಮಾನಕ್ಕಾಗಿ ಇನ್ನೊಂದರಲ್ಲಿ ಇಳಿಯುವ ವಿಮಾನದ ಸರದಿಯನ್ನು ಹೊಂದಿಸಬೇಕಾಗುತ್ತದೆ, ಆ ಹೊಂದಾಣಿಕೆಯಲ್ಲಿ ಸಮಯ ಹೋಗುತ್ತದೆ. ಉತ್ತರದ ಕಡೆಯಿಂದ, ಅಂದರೆ ನಗರದ ಮೇಲಿಂದ, ಪರಸ್ಪರ ಸಮಾನಾಂತರವಾಗಿರುವ ಎ ಮತ್ತು ಸಿ ರನ್‌ವೇಗಳಿಗೆ ಏಕಕಾಲದಲ್ಲಿ ವಿಮಾನಗಳನ್ನು ಇಳಿಸಿದರೆ ಗಂಟೆಗೆ 80 ಇದ್ದ ಏರಿಳಿತಗಳನ್ನು 90ಕ್ಕೆ ಹೆಚ್ಚಿಸಬಹುದು ಎಂಬುದು ಜಪಾನ್ ಸರ್ಕಾರದ ಲೆಕ್ಕವಾಗಿತ್ತು. ಇದರಿಂದ ಹನೇಡಾದಲ್ಲಿ ವರ್ಷಕ್ಕೆ ಸುಮಾರು 60,000 ಇದ್ದ ಅಂತರರಾಷ್ಟ್ರೀಯ ಏರಿಳಿತಗಳ ಮಿತಿ 99,000ಕ್ಕೆ ಏರಿತು. 2020ರ ಒಲಿಂಪಿಕ್ಸ್ ಹೊತ್ತಿಗೆ ಸಿದ್ಧವಾಗಿರಲೆಂದು ಮಾಡಿದ ಬದಲಾವಣೆ ಇದು. ಅದು ಜಾರಿಗೆ ಬಂದದ್ದು ಕೋವಿಡ್‌ನಿಂದಾಗಿ ಪ್ರಯಾಣಿಕರೇ ಇಲ್ಲವಾದ ವಾರಗಳಲ್ಲಿ. ಖಾಲಿ ಆಸನಗಳ ವಿಮಾನಗಳು ತಮ್ಮ ಮನೆಗಳ ಮೇಲೆ ಹಾರುವುದನ್ನು ಕಂಡ ನಿವಾಸಿಗಳಲ್ಲಿ ಕೆಲವರು ಅದೇ ವರ್ಷದ ಜೂನ್‌ನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯದ ಮೊರೆ ಹೋದರು. ಅದೇ ಜೂನ್‌ನಲ್ಲಿ, ಈ ಹಾದಿಯೇ ಶಾಶ್ವತವಾಗಿ ಉಳಿಯದಂತೆ ಮಾಡಲು ತಾಂತ್ರಿಕವಾಗಿ ಏನು ಸಾಧ್ಯವಿದೆ ಎಂಬುದನ್ನು ಪರಿಶೀಲಿಸಲು ಸರ್ಕಾರವು ಒಂದು ಸಮಿತಿಯನ್ನು ರಚಿಸಿತು. ಬಾಗಿ ಇಳಿಯುವ ಹಾದಿಯ ವಿಚಾರ ಅಲ್ಲಿ ಗಂಭೀರವಾಗಿ ಚರ್ಚೆಗೆ ಬಂದಿತು.

ಇನ್ನು ನೇರಗೆರೆಯ ವಿಷಯ. ಲೋಕದ ಹೆಚ್ಚಿನ ದೊಡ್ಡ ನಿಲ್ದಾಣಗಳಲ್ಲಿ ಇಂದಿಗೂ ವಿಮಾನಗಳನ್ನು ಇಳಿಸುವ ಮುಖ್ಯ ಸಾಧನ ಐಎಲ್‌ಎಸ್ ಎಂಬ ರೇಡಿಯೊ ವ್ಯವಸ್ಥೆ. ರನ್‌ವೇಯ ಆಚೆ ತುದಿಯಲ್ಲಿ ಸಾಲಾಗಿ ನಿಲ್ಲಿಸಿರುವ ಆಂಟೆನಾಗಳು ಇಳಿಯಲು ಬರುತ್ತಿರುವ ವಿಮಾನದ ಕಡೆಗೆ ಎರಡು ಬಗೆಯ ಸಂಕೇತಗಳನ್ನು ಕಳಿಸುತ್ತವೆ. ವಿಮಾನವು ನಡುಗೆರೆಯಿಂದ ಎಡಕ್ಕೆ ಸರಿದಿದ್ದರೆ 90 ಹರ್ಟ್ಸ್‌ನ ಸಂಕೇತ ಪ್ರಬಲವಾಗಿ ಸಿಗುತ್ತದೆ, ಬಲಕ್ಕೆ ಸರಿದಿದ್ದರೆ 150 ಹರ್ಟ್ಸ್‌ನದು. ಎರಡೂ ಸಮತೂಗುವ ಜಾಗವೇ ರನ್‌ವೇಯ ನಡುಗೆರೆ. ಚಕ್ರಗಳು ನೆಲ ಮುಟ್ಟುವ ಜಾಗದ ಪಕ್ಕದಲ್ಲಿ ನಿಲ್ಲಿಸಿದ ಇನ್ನೊಂದು ಆಂಟೆನಾ ಇದೇ ಕ್ರಮದಲ್ಲಿ ಮೇಲು ಕೆಳಗನ್ನು ತಿಳಿಸಿ, ಸಾಮಾನ್ಯವಾಗಿ 3 ಡಿಗ್ರಿ ಕೋನದ ಇಳಿಜಾರನ್ನು ತೋರಿಸಿಕೊಡುತ್ತದೆ. ದಟ್ಟ ಮಂಜಿನಲ್ಲಿಯೂ ವಿಮಾನವನ್ನು ರನ್‌ವೇಯವರೆಗೆ ತಂದು ಮುಟ್ಟಿಸಬಲ್ಲ ಈ ವ್ಯವಸ್ಥೆ ಅತ್ಯಂತ ವಿಶ್ವಾಸಾರ್ಹವಾದದ್ದು. ಆದರೆ ಎರಡು ಸಂಕೇತಗಳು ಸಮತೂಗುವ ಬಿಂದುಗಳನ್ನೆಲ್ಲ ಕೂಡಿಸಿದರೆ ಸಿಗುವುದು ಒಂದು ನೇರಗೆರೆ ಮಾತ್ರ, ಅದನ್ನು ಬಾಗಿಸಲು ಬರುವುದಿಲ್ಲ. ಆದ್ದರಿಂದ ಪ್ರತಿಯೊಂದು ವಿಮಾನವೂ ರನ್‌ವೇಯಿಂದ ಸಾಕಷ್ಟು ದೂರದಲ್ಲಿಯೇ ಆ ಗೆರೆಗೆ ಬಂದು ಸೇರಿಕೊಳ್ಳಬೇಕು.

ಬೆಂಗಳೂರಿನವರು ಇದರ ಪರಿಣಾಮವನ್ನು ಕಿಟಕಿಯಿಂದಲೇ ಕಂಡಿರುತ್ತಾರೆ. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡು ರನ್‌ವೇಗಳೂ ಪೂರ್ವ ಪಶ್ಚಿಮವಾಗಿವೆ. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮದ ಗಾಳಿ ಬೀಸುವಾಗ ವಿಮಾನಗಳು ಪೂರ್ವದಿಂದ ಪಶ್ಚಿಮಕ್ಕೆ ಇಳಿಯುತ್ತವೆ. ಆಗ ಮುಂಬೈಯಿಂದ ಬಂದ ವಿಮಾನವು ನಿಲ್ದಾಣವನ್ನು ಪಕ್ಕದಲ್ಲಿಟ್ಟುಕೊಂಡೇ ಪೂರ್ವಕ್ಕೆ ಸಾಗಿ, ಎಷ್ಟೋ ದೂರ ಹೋದ ಮೇಲೆ ತಿರುಗಿ, ಇನ್ನೊಮ್ಮೆ ತಿರುಗಿ ಗೆರೆಗೆ ಬರುತ್ತದೆ. ಊರು ಬಂದರೂ ವಿಮಾನ ಇಳಿಯುತ್ತಿಲ್ಲವಲ್ಲ ಎಂದು ಪ್ರಯಾಣಿಕರು ಗೊಣಗುವುದು ಈ ಹೊತ್ತಿನಲ್ಲೇ. ವಿಮಾನದ ಬಾಲವನ್ನು ತಿರುಗಿಸಲು ಅಷ್ಟು ಜಾಗ ಬೇಕಾಗಿಲ್ಲ, ಗೆರೆಯನ್ನು ಹಿಡಿದು ಅದರ ಮೇಲೆ ಸ್ಥಿರವಾಗಿ ನಿಲ್ಲಲು, ಮುಂದಿನ ವಿಮಾನಕ್ಕೂ ತನಗೂ ನಡುವೆ ಅಂತರ ಕಾಯ್ದುಕೊಳ್ಳಲು ಅಷ್ಟು ಬೇಕು.

ನೇರಗೆರೆಗೆ ಜಾಗವೇ ಇಲ್ಲದ ಊರುಗಳಲ್ಲಿ ಪೈಲಟ್‌ಗಳು ಹಿಂದೆ ಕಣ್ಣಳತೆಯಲ್ಲಿಯೇ ತಿರುಗುತ್ತಿದ್ದರು. ಹಾಂಗ್‌ಕಾಂಗ್‌ನ ಹಳೆಯ ಕೈ ಟಕ್ ನಿಲ್ದಾಣ ಇದಕ್ಕೆ ಹೆಸರುವಾಸಿ. ಗುಡ್ಡದ ಮೇಲೆ ಬಳಿದ ಕೆಂಪು ಬಿಳಿ ಚೌಕಗಳನ್ನು ನೋಡುತ್ತ ಬಂದು, ಮನೆಗಳ ತಾರಸಿಗಳಿಗೆ ತೀರ ಸಮೀಪದಲ್ಲಿ ಬಲಕ್ಕೆ 47 ಡಿಗ್ರಿ ತಿರುಗಿ, ರನ್‌ವೇಗೆ ಇಳಿಯಬೇಕಿತ್ತು. 1998ರ ಜುಲೈನಲ್ಲಿ ಆ ನಿಲ್ದಾಣ ಮುಚ್ಚಿತು. ಕಣ್ಣಿಗೆ ಗುರುತು ಕಾಣದಿದ್ದರೆ ಅಂಥ ತಿರುವಿಗೆ ಅರ್ಥವೇ ಇರಲಿಲ್ಲ.

ಕಣ್ಣು ಕಾಣದಾಗಲೂ ಬಾಗಿ ಇಳಿಯುವ ದಾರಿಯನ್ನು ತೆರೆದದ್ದು ಅಲಾಸ್ಕದ ಜುನೊ ಎಂಬ ಊರು. ಗ್ಯಾಸ್ಟಿನೊ ಕಾಲುವೆ ಎಂದು ಕರೆಯುವ ಕಡಲ ಕವಲಿನ ಎರಡೂ ಕಡೆ ಅಲ್ಲಿ ಕಡಿದಾದ ಬೆಟ್ಟಗಳಿವೆ, ಮೋಡ ಕವಿಯಿತೆಂದರೆ ವಿಮಾನಗಳು ಇಳಿಯಲಾಗದೆ ಮುಂದಿನ ಊರಿಗೆ ಹೋಗುತ್ತಿದ್ದವು. 1996ರಲ್ಲಿ ಅಲಾಸ್ಕ ಏರ್‌ಲೈನ್ಸ್ ಸಂಸ್ಥೆಯು ಉಪಗ್ರಹ ಸಂಕೇತಗಳ ನೆರವಿನಿಂದ ಆ ಕಾಲುವೆಯ ತಿರುವುಗಳಿಗೆ ಹೊಂದಿಕೊಂಡು ಇಳಿಯುವ ಹಾದಿಯನ್ನು ಬಳಕೆಗೆ ತಂದಿತು. ಇಂದು ಆರ್‌ಎನ್‌ಪಿ ಎಂದು ಕರೆಯಲಾಗುವ ವಿಧಾನದ ಮೊದಲ ಪ್ರಯೋಗ ಅದು.

ಆರ್‌ಎನ್‌ಪಿಯ ತಿರುಳು ಜಿಪಿಎಸ್ ಅಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಉಪಗ್ರಹದಿಂದ ಸ್ಥಾನವನ್ನು ತಿಳಿಯುವುದು ಕೈಯಲ್ಲಿರುವ ಫೋನಿಗೂ ಸಾಧ್ಯ. ಆರ್‌ಎನ್‌ಪಿಯಲ್ಲಿ ವಿಮಾನದ ಕಂಪ್ಯೂಟರು ತನ್ನ ಸ್ಥಾನದ ಜೊತೆಗೆ, ಆ ಸ್ಥಾನವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನೂ ಕ್ಷಣಕ್ಷಣಕ್ಕೆ ಲೆಕ್ಕ ಹಾಕುತ್ತಿರುತ್ತದೆ. ಆ ನಂಬಿಕೆ ನಿಗದಿಪಡಿಸಿದ ಮಿತಿಗಿಂತ ಕೆಳಗಿಳಿದ ಕೂಡಲೇ ಅದು ಪೈಲಟ್‌ಗೆ ಎಚ್ಚರಿಕೆ ಕೊಡುತ್ತದೆ, ಪೈಲಟ್ ಇಳಿಯುವುದನ್ನು ಕೈಬಿಟ್ಟು ಮೇಲೇರುತ್ತಾರೆ. ಆರ್‌ಎನ್‌ಪಿ 0.3 ಎಂದರೆ ಹಾರಾಟದ ಶೇಕಡಾ 95ರಷ್ಟು ಸಮಯ ವಿಮಾನವು ಗೊತ್ತುಪಡಿಸಿದ ಹಾದಿಯಿಂದ 0.3 ನಾಟಿಕಲ್ ಮೈಲಿ, ಅಂದರೆ ಸುಮಾರು 556 ಮೀಟರ್‌ಗಿಂತ ಹೆಚ್ಚು ಆಚೀಚೆ ಸರಿಯಬಾರದು. ಬೆಟ್ಟಗಳ ನಡುವೆ ಇನ್ನೂ ಬಿಗಿಯಾದ 0.1ರ ಮಿತಿಯನ್ನು, ಅಂದರೆ 185 ಮೀಟರನ್ನು ಹಾಕುವುದುಂಟು. ಇಷ್ಟು ಬಿಗಿಯಾದ, ಬಾಗಿದ ಹಾದಿಗಳಲ್ಲಿ ಹಾರಲು ವಿಮಾನ, ಪೈಲಟ್, ವಿಮಾನಯಾನ ಸಂಸ್ಥೆ ಮೂವರಿಗೂ ಪ್ರತ್ಯೇಕ ಅನುಮತಿ ಬೇಕು. ಅಂಥವನ್ನು ಆರ್‌ಎನ್‌ಪಿ-ಎಆರ್ ಎನ್ನುತ್ತಾರೆ.

ಈ ಹಾದಿಗಳ ತಿರುವನ್ನು ವೃತ್ತದ ಒಂದು ಕಂಸವಾಗಿ ಬರೆದಿಟ್ಟಿರುತ್ತಾರೆ. ಕೇಂದ್ರ ಎಲ್ಲಿ, ತ್ರಿಜ್ಯ ಎಷ್ಟು, ಕಂಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದೆಲ್ಲ ಕಂಪ್ಯೂಟರಿನಲ್ಲಿ ಮೊದಲೇ ದಾಖಲಾಗಿರುತ್ತದೆ. ಇದರ ವಿಶೇಷ ತಿಳಿಯಬೇಕಾದರೆ ಒಂದು ಲೆಕ್ಕ ಮಾಡಿ ನೋಡಬೇಕು. ತ್ರಿಜ್ಯ 2 ನಾಟಿಕಲ್ ಮೈಲಿ ಇರುವ ಕಂಸದಲ್ಲಿ 180 ನಾಟ್ (ಅಂದರೆ ಗಂಟೆಗೆ 180 ನಾಟಿಕಲ್ ಮೈಲಿ) ವೇಗದಲ್ಲಿ ಸಾಗುವ ವಿಮಾನವು ಆ ವೃತ್ತದ ಮೇಲೆಯೇ ಉಳಿಯಬೇಕಾದರೆ ರೆಕ್ಕೆಯನ್ನು ಸುಮಾರು 13 ಡಿಗ್ರಿ ವಾಲಿಸಬೇಕು. ಹಿಂದಿನಿಂದ 30 ನಾಟ್ ಗಾಳಿ ತಳ್ಳಿ ನೆಲದ ಮೇಲಿನ ವೇಗ 210 ಆದರೆ ಸುಮಾರು 18 ಡಿಗ್ರಿ ಬೇಕು. ತಿರುಗುತ್ತ ಹೋದಂತೆ ಹಿಂದಿನ ಗಾಳಿ ಪಕ್ಕದ ಗಾಳಿಯಾಗಿ, ಆಮೇಲೆ ಎದುರುಗಾಳಿಯಾಗುತ್ತದೆ. ಆಟೊಪೈಲಟ್ ರೆಕ್ಕೆಯ ವಾಲನ್ನು ಅದಕ್ಕೆ ತಕ್ಕಂತೆ ನಿಧಾನವಾಗಿ ಸಡಿಲಿಸುತ್ತ ಬರುತ್ತದೆ. ಕಿಟಕಿಯ ಪಕ್ಕ ಕುಳಿತು ರೆಕ್ಕೆಯ ತುದಿಯನ್ನೇ ಗಮನಿಸುವವರಿಗೆ ಇದು ಕಾಣುತ್ತದೆ: ತಿರುವಿನ ನಡುವೆ ರೆಕ್ಕೆ ಒಂದೇ ಕೋನದಲ್ಲಿ ನಿಲ್ಲದೆ ತುಸು ಏರಿ ತುಸು ಇಳಿಯುತ್ತಿರುತ್ತದೆ, ಆದರೆ ಕೆಳಗಿನ ನೆಲದ ಮೇಲೆ ವಿಮಾನ ಎಳೆಯುವ ಗೆರೆ ಕೈವಾರದಲ್ಲಿ ಬರೆದಂತೆ ಇರುತ್ತದೆ. ಕಾಕ್‌ಪಿಟ್‌ನ ಪರದೆಯಲ್ಲಿ ವಿಮಾನವು ಹಾದಿಯಿಂದ ಎಷ್ಟು ಸರಿದಿದೆ ಎಂಬ ಅಂಕಿ ನಾಟಿಕಲ್ ಮೈಲಿಯ ನೂರರ ಭಾಗಗಳಲ್ಲಿ ಕಾಣಿಸುತ್ತದೆ. ಅಲ್ಲಿ 0.02 ಎಂದಿದ್ದರೆ 37 ಮೀಟರ್, ಅಂದರೆ ವಿಮಾನದ ಉದ್ದದಷ್ಟೇ.

ಹಳೆಯ ಕ್ರಮದಲ್ಲಿ ಹೀಗಿರಲಿಲ್ಲ. ನಿಯಂತ್ರಕರು ರೇಡಿಯೊದಲ್ಲಿ ದಿಕ್ಕು ಹೇಳುತ್ತಿದ್ದರು, ಪೈಲಟ್ ತಿರುಗುತ್ತಿದ್ದರು. ಯಾರು ಎಷ್ಟು ವೇಗದಲ್ಲಿದ್ದರು, ಯಾವ ಕ್ಷಣದಲ್ಲಿ ತಿರುಗಿದರು, ಗಾಳಿ ಎಷ್ಟಿತ್ತು ಎಂಬುದರ ಮೇಲೆ ಪ್ರತಿ ವಿಮಾನದ ಗೆರೆಯೂ ಬೇರೆಯಾಗಿ, ಒಟ್ಟು ಹಾದಿ ಹಲವು ಕಿಲೋಮೀಟರ್ ಅಗಲಕ್ಕೆ ಹರಡಿಕೊಂಡಿರುತ್ತಿತ್ತು. ಈ ಹರಡಿಕೆಯ ವಿಷಯಕ್ಕೆ ಮತ್ತೆ ಬರಬೇಕು, ಏಕೆಂದರೆ ಮುಂದಿನ ವಿವಾದಗಳೆಲ್ಲ ಹುಟ್ಟಿದ್ದು ಅದು ಇಲ್ಲವಾದದ್ದರಿಂದ.

ನಗರಗಳ ವಿಷಯಕ್ಕೆ ಬಂದರೆ, ವಾಷಿಂಗ್ಟನ್ನಿನ ರೇಗನ್ ನ್ಯಾಷನಲ್ ನಿಲ್ದಾಣ ಹಳೆಯ ಉದಾಹರಣೆ. ಅಧ್ಯಕ್ಷರ ನಿವಾಸದ ಸುತ್ತಲಿನ ಆಕಾಶ ವಿಮಾನಗಳಿಗೆ ನಿಷಿದ್ಧ, ಆದ್ದರಿಂದ ಉತ್ತರದಿಂದ ಬರುವ ವಿಮಾನಗಳು ಪೊಟೊಮ್ಯಾಕ್ ನದಿಯ ತಿರುವುಗಳನ್ನೇ ಅನುಸರಿಸಿ, ಕೊನೆಗೆ ಬಲಕ್ಕೆ ಹೊರಳಿ ಇಳಿಯುತ್ತವೆ. ಮೊದಲು ಅದನ್ನು ನದಿ ಕಣ್ಣಿಗೆ ಚೆನ್ನಾಗಿ ಕಂಡಾಗ ಮಾತ್ರ ಮಾಡಬಹುದಿತ್ತು. 2005ರಲ್ಲಿ ಅದೇ ನದಿಯ ಹಾದಿಗೆ ಆರ್‌ಎನ್‌ಪಿ ವಿಧಾನ ಬಂದಿತು. ಅಲ್ಲಿ ಹಾದಿಯನ್ನು ಬಾಗಿಸಿದ ಕಾರಣ ಭದ್ರತೆ, ಆದರೆ ಅದರಿಂದ ವಿಮಾನಗಳು ನೀರಿನ ಮೇಲೆ ಉಳಿದದ್ದು ದಡದ ನಿವಾಸಿಗಳಿಗೆ ಸಿಕ್ಕ ಲಾಭ.

ಹಾಗಾದರೆ ಹನೇಡಾದಲ್ಲಿಯೂ ಹೀಗೆಯೇ ಮಾಡಬಹುದಲ್ಲ ಎನಿಸುತ್ತದೆ. ತೊಡಕು ಇರುವುದು ಒಂದು ವಿಮಾನವನ್ನು ಬಾಗಿಸಿ ಇಳಿಸುವುದರಲ್ಲಿ ಅಲ್ಲ, ಎರಡು ವಿಮಾನಗಳನ್ನು ಅಕ್ಕಪಕ್ಕದಲ್ಲಿ, ಎಡೆಬಿಡದೆ, ಗಂಟೆಗಟ್ಟಲೆ ಇಳಿಸುವುದರಲ್ಲಿ. ನಿಲ್ದಾಣದ ಸುತ್ತಮುತ್ತ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 3 ನಾಟಿಕಲ್ ಮೈಲಿ ಅಂತರವಿರಬೇಕು, ಇಲ್ಲವಾದರೆ 1,000 ಅಡಿ ಎತ್ತರದ ವ್ಯತ್ಯಾಸವಿರಬೇಕು. ಹನೇಡಾದ ಎ ಮತ್ತು ಸಿ ರನ್‌ವೇಗಳ ನಡುವಿನ ಅಂತರ 1,700 ಮೀಟರ್, ಒಂದು ನಾಟಿಕಲ್ ಮೈಲಿಗೂ ಕಡಿಮೆ. ಹಾಗಿದ್ದರೂ ಜೋಡಿ ರನ್‌ವೇಗಳಲ್ಲಿ ಏಕಕಾಲಕ್ಕೆ ಇಳಿಸಲು ಬರುವುದು ಏಕೆಂದರೆ, ಎರಡೂ ವಿಮಾನಗಳು ತಮ್ಮ ತಮ್ಮ ನೇರಗೆರೆಯಲ್ಲಿ ಸ್ಥಿರವಾಗಿ ನಿಂತ ಮೇಲೆ ಮಾತ್ರ ಆ ಅಂತರದ ನಿಯಮವನ್ನು ಸಡಿಲಿಸಲು ಅಂತರರಾಷ್ಟ್ರೀಯ ನಿಯಮಗಳು ಒಪ್ಪುತ್ತವೆ. ಗೆರೆಗೆ ಸೇರುವವರೆಗೆ ಒಂದನ್ನು ಇನ್ನೊಂದಕ್ಕಿಂತ 1,000 ಅಡಿ ಮೇಲೆ ಹಿಡಿದಿಡಬೇಕು. ಮೇಲಿದ್ದ ವಿಮಾನಕ್ಕೆ ಆಮೇಲೆ ಇಳಿದು ಬರಲು ದೂರ ಬೇಕು, ಹೀಗಾಗಿ ನೇರಗೆರೆ ಇನ್ನೂ ಉದ್ದವಾಗುತ್ತದೆ. ಟೋಕಿಯೊದಲ್ಲಿ ಆ ಗೆರೆ ನಗರವನ್ನು ಉದ್ದಕ್ಕೂ ಸೀಳಿಕೊಂಡು ಹೋಗುವುದು ಈ ಕಾರಣದಿಂದ.

ತಿರುವಿನಲ್ಲಿರುವ ವಿಮಾನವನ್ನೂ ಸ್ಥಿರವಾಗಿ ಗೆರೆ ಹಿಡಿದದ್ದು ಎಂದು ಪರಿಗಣಿಸಬಹುದೇ ಎಂಬುದೇ ಇಲ್ಲಿ ನಿರ್ಣಾಯಕವಾದ ಪ್ರಶ್ನೆ. ಕಂಸವೂ ನೇರಗೆರೆಯಷ್ಟೇ ಖಚಿತವಾಗಿದ್ದರೆ, ವಿಮಾನ ತನ್ನನ್ನು ತಾನೇ ಕಾವಲು ಕಾಯುತ್ತಿದ್ದರೆ, ಒಪ್ಪದಿರಲು ಕಾರಣವಿಲ್ಲ ಎಂಬ ನಿಲುವಿಗೆ ವಿಮಾನಯಾನ ಲೋಕ ಅಮೆರಿಕದ ಡೆನ್ವರ್‌ನಂಥ ನಿಲ್ದಾಣಗಳಲ್ಲಿ ನಡೆದ ಕೆಲಸದ ನಂತರ ನಿಧಾನವಾಗಿ ಬಂದಿತು. ಕೆನಡಾದ ಕ್ಯಾಲ್ಗರಿ ನಿಲ್ದಾಣದಲ್ಲಿ 2018ರ ನವೆಂಬರ್‌ನಿಂದ ಬಾಗಿದ ಹಾದಿಯಲ್ಲಿರುವ ವಿಮಾನವು ಪಕ್ಕದ ರನ್‌ವೇಗೆ ಇಳಿಯುತ್ತಿರುವ ವಿಮಾನದ ಜೊತೆಯಲ್ಲಿಯೇ 1,000 ಅಡಿಯ ವ್ಯತ್ಯಾಸವಿಲ್ಲದೆ ತಿರುಗಿ ಬರಬಹುದಾಗಿದೆ. ಹನೇಡಾದ ಸಮಿತಿಯೂ ಹಲವು ವಿಧಾನಗಳನ್ನು ತೂಗಿ ನೋಡಿ, 2021ರಲ್ಲಿ ಎರಡನ್ನು ಮುಂದಿನ ಅಧ್ಯಯನಕ್ಕೆ ಉಳಿಸಿಕೊಂಡಿತು: ಪೂರ್ತಿಯಾಗಿ ಆರ್‌ಎನ್‌ಪಿ-ಎಆರ್ ಹಾದಿ ಒಂದು, ಆರ್‌ಎನ್‌ಪಿಯಿಂದ ಬಂದು, ಕೊನೆಯ ಭಾಗದಲ್ಲಿ ಕಂಪ್ಯೂಟರಿನಲ್ಲಿ ಗುರುತಿಸಿಟ್ಟ ಬಿಂದುಗಳ ನೆರವಿನೊಂದಿಗೆ ಕಣ್ಣಿನಿಂದ ನೋಡುತ್ತ ಇಳಿಯುವುದು ಇನ್ನೊಂದು. ಆದರೆ ಕಾಗದದ ಮೇಲೆ ಹಾದಿ ಬರೆದರೆ ಆಗಲಿಲ್ಲ. ಹನೇಡಾಕ್ಕೆ ಬರುವ ದೇಶವಿದೇಶಗಳ ವಿಮಾನಗಳಲ್ಲಿ ಅನುಮತಿ ಇಲ್ಲದವು ಗಣನೀಯವಾಗಿದ್ದರೆ ನಿಯಂತ್ರಕರು ಎರಡು ಬಗೆಯ ಹಾದಿಗಳ ವಿಮಾನಗಳನ್ನು ಒಂದೇ ಸಾಲಿಗೆ ಹೊಸೆಯಬೇಕಾಗುತ್ತದೆ. ನೇರವಾಗಿ ಬರುವುದಕ್ಕೂ ಬಾಗಿ ಬರುವುದಕ್ಕೂ ಸಮಯ ಬೇರೆ ಬೇರೆ, ಅವುಗಳ ನಡುವೆ ಬಿಡಬೇಕಾದ ಅಂತರವೇ ಆ ಹೆಚ್ಚುವರಿ ಹತ್ತು ಏರಿಳಿತಗಳನ್ನು ನುಂಗಿಬಿಡಬಹುದು. ದಟ್ಟಣೆ ಇಲ್ಲದ ಜುನೊದಲ್ಲಿ 1996ರಲ್ಲೇ ಆದದ್ದು ಟೋಕಿಯೊದಲ್ಲಿ ಇನ್ನೂ ಅಧ್ಯಯನದ ವಸ್ತುವಾಗಲು ಇದೇ ಕಾರಣ.

ಎತ್ತರದ ವಿಷಯದಲ್ಲಿ ಬೇರೊಂದು ಸೂಕ್ಷ್ಮವಿದೆ. ಐಎಲ್‌ಎಸ್‌ನ ಇಳಿಜಾರು ನೆಲಕ್ಕೆ ನೆಟ್ಟ ಆಂಟೆನಾದಿಂದ ಬರುತ್ತದೆ, ಹವಾಮಾನ ಹೇಗಿದ್ದರೂ ಕೋನ ಬದಲಾಗುವುದಿಲ್ಲ. ಉಪಗ್ರಹ ಆಧಾರಿತ ಹಾದಿಗಳಲ್ಲಿ ಹೆಚ್ಚಿನವುಗಳಿಗೆ ಎತ್ತರವನ್ನು ಕೊಡುವುದು ವಾಯುಭಾರವನ್ನು ಅಳೆಯುವ ಆಲ್ಟಿಮೀಟರ್. ಅದರ ಲೆಕ್ಕ ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದೆ ಎಂಬ ಊಹೆಯ ಮೇಲೆ ನಿಂತಿದೆ. ಬೇಸಿಗೆಯಲ್ಲಿ 35 ಡಿಗ್ರಿ ಇದ್ದರೆ ಗಾಳಿ ಹಿಗ್ಗಿರುತ್ತದೆ, ವಿಮಾನ ಆಲ್ಟಿಮೀಟರ್ ತೋರಿಸುವುದಕ್ಕಿಂತ ಸುಮಾರು ಶೇಕಡಾ 7ರಷ್ಟು ಮೇಲಿರುತ್ತದೆ, ಇಳಿಜಾರು ಅಷ್ಟೇ ಕಡಿದಾಗುತ್ತದೆ. ಹನೇಡಾದ ಹೊಸ ಹಾದಿಗೆ ಶಬ್ದ ಕಡಿಮೆಯಾಗಲೆಂದು 3 ಡಿಗ್ರಿಯ ಬದಲು 3.45 ಡಿಗ್ರಿ ಕೋನವನ್ನು ನಿಗದಿಪಡಿಸಿದ್ದಾರೆ. ಆಗಸ್ಟ್ ತಿಂಗಳ ಸೆಕೆಯಲ್ಲಿ ಅದು ಸುಮಾರು 3.7 ಡಿಗ್ರಿಯಾಗುತ್ತದೆ. ದಶಾಂಶದ ಈ ವ್ಯತ್ಯಾಸ ಓದುವವರಿಗೆ ಸಣ್ಣದೆನಿಸಬಹುದು, ಇಳಿಸುವವರಿಗೆ ಹಾಗಲ್ಲ: ಕಡಿದಾದ ಇಳಿಜಾರಿನಲ್ಲಿ ವೇಗವನ್ನು ಕಡಿಮೆ ಮಾಡುವುದು ಕಷ್ಟ, ಕೊನೆಯಲ್ಲಿ ಮೂಗನ್ನು ಎತ್ತಿ ಇಳಿಯುವಿಕೆಯನ್ನು ಮೃದುಗೊಳಿಸುವುದೂ ಕಷ್ಟ. ಪೈಲಟ್‌ಗಳ ಕಡೆಯಿಂದ ಈ ಕೋನದ ಬಗ್ಗೆ ಆತಂಕ ವ್ಯಕ್ತವಾದದ್ದು ಸಹಜವೇ ಆಗಿತ್ತು.

ಆಲ್ಟಿಮೀಟರ್‌ಗೆ ಅಂದಿನ ವಾಯುಭಾರದ ಅಂಕಿಯನ್ನು ಕೊಡಬೇಕಾದವರು ಮನುಷ್ಯರು, ಅಲ್ಲಿಯೂ ತಪ್ಪು ನುಸುಳಬಹುದು. 2022ರ ಮೇ 23ರಂದು ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್ ನಿಲ್ದಾಣಕ್ಕೆ ಮಳೆಯಲ್ಲಿ ಇಳಿಯುತ್ತಿದ್ದ ವಿಮಾನವೊಂದಕ್ಕೆ 1001 ಹೆಕ್ಟೊಪಾಸ್ಕಲ್ ಎನ್ನಬೇಕಾದಲ್ಲಿ 1011 ಎಂದು ವಾಯುಭಾರವನ್ನು ತಿಳಿಸಲಾಯಿತು. ಹತ್ತರ ಆ ವ್ಯತ್ಯಾಸ ಸುಮಾರು 280 ಅಡಿಗೆ ಸಮ. ಪರದೆಯ ಮೇಲೆ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತಿದ್ದಾಗ ವಿಮಾನವು ನಿಜವಾದ ಹಾದಿಗಿಂತ ಅಷ್ಟು ಕೆಳಗೆ ಹಾರುತ್ತ, ರನ್‌ವೇಗೆ ಇನ್ನೂ 0.8 ನಾಟಿಕಲ್ ಮೈಲಿ ಇರುವಾಗ ನೆಲದಿಂದ ಕೇವಲ 6 ಅಡಿ ಎತ್ತರಕ್ಕೆ ಬಂದಿತ್ತು. ರನ್‌ವೇ ಕಾಣದ ಕಾರಣ ಪೈಲಟ್‌ಗಳು ಮೇಲೇರಲು ತೊಡಗಿದ್ದರಿಂದ ಎಲ್ಲರೂ ಉಳಿದರು. ಅದು ಬಾಗಿದ ಹಾದಿಯಲ್ಲ, ನೇರ ಹಾದಿಯೇ. ಆದರೆ ಎತ್ತರವನ್ನು ಕೊಡುವ ಆಧಾರ ಎರಡಕ್ಕೂ ಒಂದೇ.

ಕಂಪ್ಯೂಟರಿನಲ್ಲಿ ಬರೆದಿಟ್ಟ ಹಾದಿ ಬರೆದವರಷ್ಟೇ ಸರಿಯಾಗಿರುತ್ತದೆ ಎಂಬುದಕ್ಕೆ ಕಠ್ಮಂಡು ಸಾಕ್ಷಿ. 2015ರ ಮಾರ್ಚ್ 4ರ ಬೆಳಿಗ್ಗೆ ದಟ್ಟ ಮಂಜಿನಲ್ಲಿ ಆರ್‌ಎನ್‌ಪಿ-ಎಆರ್ ಹಾದಿಯಲ್ಲಿ ಬಂದ ದೊಡ್ಡ ವಿಮಾನವೊಂದು ರನ್‌ವೇಯ ನಡುಗೆರೆಯಿಂದ ಎಡಕ್ಕೆ ಸರಿದು ಇಳಿದು, ಹುಲ್ಲಿನ ಮೇಲೆ ಜಾರಿ ನಿಂತಿತು. ರನ್‌ವೇ ಕಾಣದಿದ್ದರೂ ನಿಗದಿತ ಎತ್ತರಕ್ಕಿಂತ ಕೆಳಗೆ ಇಳಿದದ್ದು ಮುಖ್ಯ ಕಾರಣ. ಅದರ ಜೊತೆಗೆ, ವಿಮಾನದ ದತ್ತಾಂಶದಲ್ಲಿದ್ದ ರನ್‌ವೇಯ ಅಕ್ಷಾಂಶ ರೇಖಾಂಶಗಳೇ ತಪ್ಪಾಗಿದ್ದವು ಎಂಬುದು ತನಿಖೆಯಲ್ಲಿ ಕಂಡುಬಂದಿತು. ಅದರಲ್ಲಿದ್ದ 235 ಜನರೂ ಬದುಕಿದ್ದು ಅದೃಷ್ಟ.

ನಮ್ಮ ದೇಶಕ್ಕೆ ಹೆಚ್ಚು ಹತ್ತಿರವಾದ ಅಪಾಯ ಮತ್ತೊಂದಿದೆ. ಉಪಗ್ರಹದ ಸಂಕೇತ ನೆಲ ಮುಟ್ಟುವ ಹೊತ್ತಿಗೆ ಅತ್ಯಂತ ಕ್ಷೀಣವಾಗಿರುತ್ತದೆ. ಅದನ್ನು ಮುಳುಗಿಸುವುದೂ ಸುಲಭ, ಸುಳ್ಳು ಸಂಕೇತ ಕಳಿಸಿ ವಿಮಾನ ತಾನಿಲ್ಲದ ಜಾಗದಲ್ಲಿದೆ ಎಂದು ನಂಬಿಸುವುದೂ ಅಸಾಧ್ಯವಲ್ಲ. 2025ರ ಕೊನೆಯಲ್ಲಿ ದೆಹಲಿ ನಿಲ್ದಾಣದ ಸುತ್ತ, ಜಿಪಿಎಸ್ ಆಧಾರದಲ್ಲಿ ಇಳಿಯುತ್ತಿದ್ದ ಕೆಲವು ವಿಮಾನಗಳಿಗೆ ಇಂಥ ಸುಳ್ಳು ಸಂಕೇತಗಳ ತೊಂದರೆಯಾದುದನ್ನು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಬೆಂಗಳೂರು ಸೇರಿದಂತೆ ಇತರ ಕೆಲವು ನಿಲ್ದಾಣಗಳಿಂದಲೂ ಜಿಪಿಎಸ್ ಅಡಚಣೆಯ ವರದಿಗಳು ಬಂದಿವೆ. ಹೊಸ ಹಾದಿಗಳನ್ನು ಎಷ್ಟೇ ಬರೆದರೂ ನೆಲದ ಮೇಲಿನ ಹಳೆಯ ರೇಡಿಯೊ ಸಾಧನಗಳನ್ನು ಕಿತ್ತುಹಾಕಬಾರದು ಎಂಬ ಮಾತಿಗೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿಲ್ಲ ಎಂದು ನಾನು ಭಾವಿಸುತ್ತೇನೆ.

ಈಗ ಮೇಲೆ ಹೇಳಿದ ಹರಡಿಕೆಗೆ ಮರಳೋಣ. ಖಚಿತತೆ ಪೈಲಟ್‌ಗೆ ವರ, ನಿಯಂತ್ರಕರಿಗೆ ವರ. ಆದರೆ ಹಲವು ಕಿಲೋಮೀಟರ್ ಅಗಲಕ್ಕೆ ಹಂಚಿಹೋಗುತ್ತಿದ್ದ ಶಬ್ದವನ್ನು ಅದು ಒಂದೇ ಬೀದಿಯ ಮೇಲೆ ಸುರಿಯುತ್ತದೆ. ದಿನಕ್ಕೆ ನೂರು ವಿಮಾನಗಳು ಹತ್ತು ಬೇರೆ ಬೇರೆ ಗೆರೆಗಳಲ್ಲಿ ಹೋದರೆ ಪ್ರತಿ ಗೆರೆಯ ಕೆಳಗಿನ ಮನೆಗೆ ಹತ್ತು ವಿಮಾನಗಳು. ನೂರೂ ಒಂದೇ ಗೆರೆಯಲ್ಲಿ ಹೋದರೆ ಆ ಒಂದು ಸಾಲಿನ ಮನೆಗಳಲ್ಲಿ ಸರಾಸರಿ ಶಬ್ದದ ಮಟ್ಟ 10 ಡೆಸಿಬಲ್ ಏರುತ್ತದೆ, ಉಳಿದ ಒಂಬತ್ತು ಸಾಲುಗಳಿಗೆ ನೆಮ್ಮದಿ. ಶಬ್ದ ಅನುಭವಿಸುವವರ ಸಂಖ್ಯೆ ಕಡಿಮೆಯಾಯಿತು ಎಂದು ವರದಿ ಬರೆಯಬಹುದು, ಅದು ಸುಳ್ಳೂ ಅಲ್ಲ. ಆದರೆ ಉಳಿದವರ ಪಾಲನ್ನೂ ಹೊತ್ತುಕೊಂಡವರು ಯಾರು, ಅವರನ್ನು ಯಾರು ಕೇಳಿದರು ಎಂಬ ಪ್ರಶ್ನೆ ಆ ವರದಿಯಲ್ಲಿ ಇರುವುದಿಲ್ಲ.

ಅಮೆರಿಕದ ಫೀನಿಕ್ಸ್ ನಗರದಲ್ಲಿ ಆದದ್ದು ಇದೇ. 2014ರ ಸೆಪ್ಟೆಂಬರ್ 18ರಂದು ಅಲ್ಲಿನ ಸ್ಕೈ ಹಾರ್ಬರ್ ನಿಲ್ದಾಣದಿಂದ ಏರುವ ವಿಮಾನಗಳಿಗೆ ಉಪಗ್ರಹ ಆಧಾರಿತ ಹೊಸ ಹಾದಿಗಳು ಜಾರಿಯಾದವು. ಅಲ್ಲಿಯವರೆಗೆ ವಿಮಾನದ ಸದ್ದಿಲ್ಲದೆ ಬದುಕಿದ್ದ ಹಳೆಯ ಬಡಾವಣೆಗಳ ಮೇಲೆ ಒಂದು ಬೆಳಗಾಗುವುದರೊಳಗೆ ವಿಮಾನಗಳ ಸಾಲು ಶುರುವಾಯಿತು. ದೊಡ್ಡ ಪರಿಣಾಮವೇನೂ ಆಗದು ಎಂಬ ನೆಲೆಯಲ್ಲಿ ಒಕ್ಕೂಟ ಸರ್ಕಾರದ ವಿಮಾನಯಾನ ಇಲಾಖೆಯು ವಿವರವಾದ ಪರಿಸರ ಅಧ್ಯಯನವನ್ನು ಕೈಬಿಟ್ಟಿತ್ತು. ನಗರಾಡಳಿತ ಮತ್ತು ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 2017ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ನಿವಾಸಿಗಳ ಪರವಾಗಿ ತೀರ್ಪಿತ್ತಿತು, 2018ರಲ್ಲಿ ಪಶ್ಚಿಮಕ್ಕೆ ಹೋಗುವ ಹಾದಿಗಳು ಹೆಚ್ಚುಕಡಿಮೆ ಹಳೆಯ ಸ್ಥಿತಿಗೆ ಮರಳಿದವು. ನಾಲ್ಕು ವರ್ಷ ಬೇಕಾಯಿತು.

ಇದಕ್ಕೆ ತಂತ್ರಜ್ಞಾನದಲ್ಲೇ ಒಂದು ಪರಿಹಾರವೂ ಇದೆ. ಒಂದೇ ಖಚಿತ ಹಾದಿಯ ಬದಲು ಹಲವು ಖಚಿತ ಹಾದಿಗಳನ್ನು ಬರೆದು, ದಿನ ಬಿಟ್ಟು ದಿನ ಅಥವಾ ವಾರ ಬಿಟ್ಟು ವಾರ ಸರದಿಯಂತೆ ಬಳಸಬಹುದು. ಲಂಡನ್ನಿನ ಹೀಥ್ರೂದಲ್ಲಿ ಪಶ್ಚಿಮದ ಗಾಳಿಯಿರುವಾಗ ಇಳಿಯುವ ರನ್‌ವೇಯನ್ನು ಮಧ್ಯಾಹ್ನ 3 ಗಂಟೆಗೆ ಅದಲುಬದಲು ಮಾಡುವ ಪದ್ಧತಿ ಬಹುಕಾಲದಿಂದ ಇದೆ. ಅರ್ಧ ದಿನ ಒಂದು ಕಡೆಯವರಿಗೆ ಸದ್ದು, ಇನ್ನರ್ಧ ದಿನ ಇನ್ನೊಂದು ಕಡೆಯವರಿಗೆ. ಯಾವಾಗ ಮೌನ ಸಿಗುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ, ಮಗುವನ್ನು ಮಲಗಿಸುವುದನ್ನೂ ಕಿಟಕಿ ತೆರೆಯುವುದನ್ನೂ ಅದಕ್ಕೆ ಹೊಂದಿಸಿಕೊಳ್ಳಬಹುದು. ಬಾಗಿದ ಹಾದಿಗಳ ನಿಜವಾದ ಉಪಯೋಗ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಹಾದಿಯನ್ನು ಎಲ್ಲಿ ಬೇಕಾದರೂ ಬರೆಯಬಹುದಾದ್ದರಿಂದ ಹೊರೆಯನ್ನು ಹಂಚುವುದೂ ಬರೆಯುವವರ ಕೈಯಲ್ಲಿದೆ.

ಹಾಗೆಂದು ಬಾಗುವಿಕೆಯಿಂದ ಎಲ್ಲರಿಗೂ ಬಿಡುಗಡೆ ಸಿಗುತ್ತದೆ ಎನ್ನಲಾಗದು. ವಿಮಾನ ಎಷ್ಟೇ ಬಾಗಿ ಬಂದರೂ ಕೊನೆಯಲ್ಲಿ ರೆಕ್ಕೆಗಳನ್ನು ಸಮಮಾಡಿ, ವೇಗವನ್ನು ಸ್ಥಿರಗೊಳಿಸಿ, ರನ್‌ವೇಗೆ ನೇರವಾಗಿ ನಿಲ್ಲಬೇಕು. ಸುಮಾರು 500 ಅಡಿ ಎತ್ತರದ ಹೊತ್ತಿಗೆ ಇದೆಲ್ಲ ಮುಗಿದಿರಬೇಕು ಎಂದಿಟ್ಟುಕೊಂಡರೆ, 3 ಡಿಗ್ರಿ ಇಳಿಜಾರಿನಲ್ಲಿ ಅದು ರನ್‌ವೇಯಿಂದ ಸುಮಾರು 3 ಕಿಲೋಮೀಟರ್ ದೂರ. ಆ ಮೂರು ಕಿಲೋಮೀಟರಿನೊಳಗೆ ಮನೆಯಿರುವವರಿಗೆ ಜಿಪಿಎಸ್‌ನಿಂದ ಏನೂ ಬದಲಾಗುವುದಿಲ್ಲ. ವಿಮಾನಗಳ ಸಂಖ್ಯೆ, ಅವು ಹಾರುವ ಹೊತ್ತು, ಕಿಟಕಿಗೆ ಹಾಕಿಸಿದ ಗಾಜಿನ ದಪ್ಪ ಇಷ್ಟರಲ್ಲೇ ಅವರ ನೆಮ್ಮದಿ ನಿಂತಿದೆ. ಹನೇಡಾದಲ್ಲಿ ಹೊಸ ಹಾದಿಯ ಬಳಕೆಯನ್ನು ದಕ್ಷಿಣ ಗಾಳಿಯ ದಿನಗಳಲ್ಲಿ ಮಧ್ಯಾಹ್ನ 3ರಿಂದ ಸಂಜೆ 7ರ ನಡುವಿನ ಸುಮಾರು ಮೂರು ತಾಸುಗಳಿಗೆ ಸೀಮಿತಗೊಳಿಸಿದ್ದಾರೆ. ಆ ಮೂರು ತಾಸು ನಾಲ್ಕಾಗದಂತೆ ನೋಡಿಕೊಳ್ಳುವುದು ರನ್‌ವೇಯ ತೀರ ಹತ್ತಿರದಲ್ಲಿರುವವರಿಗೆ ಯಾವ ಬಾಗಿದ ಹಾದಿಗಿಂತಲೂ ಮುಖ್ಯವಾದ ವಿಷಯ.